ಕೀಲಿ ಇಲ್ಲದ ಒಬ್ಬ

"ಏನಾದ್ರೂ ಬಂತೇನೋ?" ಎಂದು ಅತ್ತಿಗೆ ಆ ಬೆಳಿಗ್ಗೆಯೂ ಕೇಳಿದ್ದಳು. ಅವನು ಆ ಬೆಳಿಗ್ಗೆಯೂ ಶೂ ಕಟ್ಟುತ್ತ, ತಲೆ ಎತ್ತದೆ, "ಬಂದಿಲ್ಲ ಅಂದ್ರೆ ಒಳ್ಳೇದೇ ಬಿಡಿ ಅತ್ತಿಗೆ. ಏನಾದ್ರೂ ಇದ್ದಿದ್ರೆ ಡಾಕ್ಟರು ಇಷ್ಟು ಹೊತ್ತಿಗೆ ಕೂಗಿ ಕರೀತಿದ್ರು" ಎಂದಿದ್ದ. ದಿನವೂ ಆಡಿ ಆಡಿ ಆ ಮಾತು ಹಳೆಯ ಚಪ್ಪಲಿಯ ಹಾಗೆ ಬಾಯಿಗೆ ಹೊಂದಿಕೊಂಡಿತ್ತು. ಮೆಟ್ಟಿಕೊಳ್ಳುವಾಗ ಬಗ್ಗಿ ನೋಡಬೇಕಾಗಿರಲಿಲ್ಲ. "ಹೂಂ, ನೀನು ಅಲ್ಲೇ ಇರೋನು, ನಿನಗೆ ಗೊತ್ತಿರುತ್ತೆ" ಎಂದಳು ಅವಳು. ಇಬ್ಬರೂ ಹೊರಗೆ ಬಂದರು. ಅವನು ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅವಳಿಗೆ ಕೊಟ್ಟ. ಅವಳು ಎಂದಿನಂತೆ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಒಮ್ಮೆ ಅವನು ಬೀಗವನ್ನು ಬರೀ ನೇತುಹಾಕಿ ಆಟಕ್ಕೆ ಓಡಿಹೋಗಿದ್ದ. ಅಂದಿನಿಂದ ಇಂದಿನವರೆಗೆ, ಅವನ ಕಿವಿಯ ಮೇಲೆ ನರೆ ಮೂಡಿದ ಮೇಲೂ, ಅವಳು ಜಗ್ಗದೆ ಮೆಟ್ಟಿಲಿಳಿದವಳಲ್ಲ. "ಊರಿಗೆಲ್ಲಾ ಬೀಗ ಹಾಕೋ ಕೆಲಸವಂತೆ. ಮನೆ ಬೀಗ ಮಾತ್ರ ದೇವರಿಗೇ ಪ್ರೀತಿ" ಎಂದು ಅವಳು ನಕ್ಕಳು. ನಗುವಾಗ ಅವಳ ಇನ್ನೊಂದು ಕೈ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯ ಮೇಲೆ ಹೋಗಿ ನಿಂತಿತು. ಅವನು ಅದನ್ನು ನೋಡಿದ. ನೋಡಿ, ನೋಡದವನ ಹಾಗೆ ಮುಂದೆ ಇಳಿದ.

ಅವಳ ಕುತ್ತಿಗೆಯ ಬದಿಯಲ್ಲಿ ಕಡಲೆಕಾಳಿನಷ್ಟಿದ್ದ ಗಂಟು ನೆಲ್ಲಿಕಾಯಿಯಷ್ಟಾಗಿತ್ತು. ಸೂಜಿ ಚುಚ್ಚಿ ಅದರಿಂದ ಒಂದಿಷ್ಟು ತೆಗೆದು ಅವನು ಕೆಲಸ ಮಾಡುವ ಲ್ಯಾಬಿಗೇ ಪರೀಕ್ಷೆಗೆ ಕಳಿಸಿದ್ದರು. ಅದಾಗಿ ಒಂದೂವರೆ ತಿಂಗಳು. ಲಾರಿ ಓಡಿಸಿಕೊಂಡು ವಾರಕ್ಕೊಮ್ಮೆ ಮನೆಗೆ ಬರುವ ಅಣ್ಣನಿಗೆ ಶೀತ, ಗಂಟಲು ಊದಿದೆ ಎಂದು ಹೇಳಲಾಗಿತ್ತು. "ನಿಮ್ಮಣ್ಣನಿಗೆ ಹೇಳ್ಬೇಡ ಕಣೋ. ಅವರು ಒಂದಕ್ಕೆ ಹತ್ತು ಸೇರಿಸಿ, ಲಾರೀನ ಎಲ್ಲಾದ್ರೂ ಗುದ್ದಿಸ್ಕೊಂಡು ಬರ್ತಾರೆ" ಎಂದು ಅತ್ತಿಗೆ ಅಂದಿದ್ದಳು. ಲ್ಯಾಬಿನ ಕೌಂಟರಿನಲ್ಲಿ ಮನೆಯವರ ವಿಳಾಸ ಕೇಳಿದಾಗ ಅವಳು ಒಂದು ಕ್ಷಣವೂ ಯೋಚಿಸದೆ ಅವನ ಮೇಲ್ ವಿಳಾಸ ಹೇಳಿದ್ದಳು. "ನನಗೆ ಆ ಮೇಲ್‌ಗೆ ಹಾಕಿರೋ ಬೀಗ ತೆಗೆಯೋದು ಗೀಗ ತೆಗೆಯೋದು ಬರಲ್ಲಮ್ಮಾ. ನಮ್ಮ ಮೈದುನ ಇದಾನಲ್ಲ, ಅವನಿಗೆ ಕಳಿಸಿ. ಅವನೇ ಓದಿ ಹೇಳ್ತಾನೆ."

ಅವನ ಕೋಣೆ ಲ್ಯಾಬಿನ ಕೊನೆಯಲ್ಲಿ, ಸ್ಯಾಂಪಲ್ಲುಗಳನ್ನು ತಣ್ಣಗಿಡುವ ದೊಡ್ಡ ಫ್ರಿಜ್ಜುಗಳ ಪಕ್ಕದಲ್ಲಿತ್ತು. ಕಿಟಕಿ ಇಲ್ಲ. ಫ್ರಿಜ್ಜುಗಳ ಗುಂಯ್‌ಗುಡುವಿಕೆ ಗೋಡೆ ದಾಟಿ ಬಂದು ಹಲ್ಲಿನ ಬುಡದಲ್ಲಿ ಕೂರುತ್ತಿತ್ತು. ಮೊದಮೊದಲು ಆ ಕಡೆ ಇರುವುದೆಲ್ಲ ಯಾರದೋ ರಕ್ತ, ಯಾರದೋ ಮಾಂಸದ ಚೂರು ಎಂದು ನೆನೆದು ಊಟ ಸೇರುತ್ತಿರಲಿಲ್ಲ, ಆಮೇಲೆ ಅಭ್ಯಾಸವಾಯಿತು. ಅವನ ಕೆಲಸಕ್ಕೆ ರಕ್ತ ಮಾಂಸದ ಸೋಂಕಿಲ್ಲ. ರಿಪೋರ್ಟುಗಳು ಮೇಲ್‌ನಲ್ಲಿ ಹೋಗುವುದನ್ನು ನೋಡಿಕೊಳ್ಳುವವನು ಅವನು. ಹಿಂದೆ ಅವು ಅಂಚೆಕಾರ್ಡಿನ ಹಾಗೆ ತೆರೆದೇ ಹೋಗುತ್ತಿದ್ದವು. ದಾರಿಯಲ್ಲಿ ಯಾರು ಬೇಕಾದರೂ ಇಣುಕಬಹುದಿತ್ತು. ಅವನು ಒಂದು ಸ್ಕ್ರಿಪ್ಟ್, ಕಂಪ್ಯೂಟರಿಗೆ ಕೆಲಸ ಹೇಳುವ ಒಂದಿಷ್ಟು ಸಾಲು, ಬರೆದ. ಒಬ್ಬೊಬ್ಬ ರೋಗಿಗೂ ಒಂದೊಂದು ಗ್ರೂಪ್, ಅದರಲ್ಲಿ ರೋಗಿ, ಡಾಕ್ಟರು, ಮನೆಯವರೊಬ್ಬರು. ಪ್ರತಿಯೊಬ್ಬರಿಗೂ ತಮ್ಮದೇ ಕೀಲಿ. ಪತ್ರಕ್ಕೆ ಬೀಗ ಬಿದ್ದು ಹೋಗುತ್ತದೆ, ಅವರವರ ಕೀಲಿಯಿಂದ ಅವರವರು ತೆಗೆದುಕೊಳ್ಳುತ್ತಾರೆ. ಡಾಕ್ಟರಿಗೂ ರೋಗಿಗೂ ಕೀಲಿಯನ್ನು ಲ್ಯಾಬೇ ಮಾಡಿಕೊಡುತ್ತದೆ. ಮನೆಯವರು ಮಾತ್ರ ಮೊದಲು ಬರುವ ಒಂದು ಮೇಲ್ ತೆರೆದು ತಮ್ಮ ಕೀಲಿಯನ್ನು ತಾವೇ ಮಾಡಿಕೊಳ್ಳಬೇಕು. ಇದಾದ ಮೇಲೆ ಲ್ಯಾಬಿನವರೆಲ್ಲ ಅವನನ್ನು ಬೀಗದಪ್ಪ ಎಂದು ಕರೆಯತೊಡಗಿದ್ದರು. ಅವನು ಸಿಟ್ಟು ಬಂದವನ ಹಾಗೆ ತೋರಿಸಿಕೊಂಡರೂ ಒಳಗೊಳಗೆ ಆ ಹೆಸರು ಅವನಿಗೆ ಹಿತವಾಗಿತ್ತು. ಅಷ್ಟು ವರ್ಷ ಅಲ್ಲಿ ದುಡಿದರೂ ಅವನಿಗೆ ಯಾವ ಹೆಸರೂ ಇರಲಿಲ್ಲ. "ಆ ಕಂಪ್ಯೂಟರ್ ಅವನು" ಆಗಿದ್ದ.

"ಏ ಬೀಗದಪ್ಪಾ, ನೀನೇ ಬಂದು ಹೇಳಪ್ಪ" ಎಂದು ಕೌಂಟರಿನವಳು ಬಾಗಿಲಲ್ಲಿ ನಿಂತು ಕರೆದಳು. "ಆ ದರ್ಜಿ ತಾತ ಮತ್ತೆ ಬಂದಿದಾರೆ. ಹೆಂಡ್ತಿ ರಿಪೋರ್ಟ್ ಬಂದಿಲ್ವಂತೆ. ನೀನು ಹೇಳ್ಕೊಟ್ಟ ಹಾಗೇ ಹೇಳ್ದೆ, ಸ್ಪ್ಯಾಮಲ್ಲಿ ಬಿದ್ದಿರುತ್ತೆ ನೋಡ್ಕೊಳ್ಳಿ ಅಂತ. ಸ್ಪ್ಯಾಮ್ ಅಂದ್ರೆ ಅದು ಯಾವ ಬೀದೀಲಿದೆ ಅಂತ ಕೇಳ್ತಾರೆ. ನನಗೆ ನಗೋಕಾಗುತ್ತಾ, ಅಳೋಕಾಗುತ್ತಾ?"

ದರ್ಜಿ ಮುದುಕ ಕೌಂಟರಿನ ಮುಂದೆ ಎರಡೂ ಕೈ ಊರಿ ನಿಂತಿದ್ದ. ಬೆರಳ ತುದಿಗಳಲ್ಲಿ ಸೂಜಿಯ ಚುಕ್ಕಿಗಳು ಕಪ್ಪಗೆ ಕೂತಿದ್ದವು. "ನೀವೇನಪ್ಪಾ ಬೀಗದ ಯಜಮಾನ್ರು?" ಎಂದ. "ನನ್ನ ಮೊಮ್ಮಗಳ ಫೋನಲ್ಲಿ ಎಲ್ಲಾ ಜಾಲಾಡಿಸ್ದೆ. ಸೀರೆ ಮಾರೋರು, ಸಾಲ ಕೊಡೋರು, ಕೂದಲು ಬೆಳೆಸೋರು ಎಲ್ಲಾ ಇದಾರೆ ಅಲ್ಲಿ. ನನ್ನ ಹೆಂಡ್ತಿ ಒಬ್ಬಳಿಲ್ಲ. ದಿನಾ ಬೆಳಗಾದ್ರೆ ಬಂತಾ ಅಂತ ಕೇಳ್ತಾಳೆ. ನಾನು ಏನಂತ ಹೇಳ್ಲಿ?"

ನಗುವುದಕ್ಕೆಂದು ತೆರೆದಿದ್ದ ಅವನ ಬಾಯಿ ಹಾಗೇ ನಿಂತಿತು. 'ದಿನಾ ಬೆಳಗಾದ್ರೆ' ಎಂಬ ಮಾತು ಎಲ್ಲೋ ಒಳಗೆ ಮೂಳೆಗೆ ತಾಗಿತು. "ಕೂತ್ಕೊಳ್ಳಿ, ನೋಡ್ತೀನಿ" ಎಂದು ಕೋಣೆಗೆ ಮರಳಿದ. ಮುದುಕನ ಹೆಂಡತಿಯ ರಿಪೋರ್ಟು ಯಾವಾಗ ಹೋಯಿತೆಂದು ಹುಡುಕಿದ. ಹೋಗಿರಲಿಲ್ಲ. ತಯಾರಾಗಿತ್ತು, ಲ್ಯಾಬಿನ ಹೊಸ್ತಿಲು ದಾಟಿರಲಿಲ್ಲ. ಪಕ್ಕದಲ್ಲಿ ಒಂದೇ ಪದವಿತ್ತು: ತಡೆದಿದೆ. ಅವನೇ ಆರಿಸಿದ ಪದ. ತಡೆದ ಮೇಲ್‌ಗಳು ಹೋಗಿ ಬೀಳುವ ಜಾಗವನ್ನು ತೆರೆದ. ಪರೀಕ್ಷೆ ಮಾಡಿ ನೋಡಿದ ದಿನಗಳ ಬಳಿಕ ಅವನು ಅತ್ತ ತಲೆ ಹಾಕಿರಲಿಲ್ಲ. ಪರದೆ ತುಂಬ ಹೆಸರುಗಳು ಇಳಿದವು. ಮೌಸಿನ ಗಾಲಿ ಉರುಳಿಸಿದಂತೆ ಇನ್ನಷ್ಟು. ಬೆರಳು ಸೋತು ನಿಂತರೂ ಹೆಸರುಗಳು ನಿಲ್ಲಲಿಲ್ಲ. ಇವರೆಲ್ಲ ಎಲ್ಲೆಲ್ಲೋ ಅಡುಗೆ ಮಾಡುತ್ತ, ಬಸ್ಸು ಹಿಡಿಯುತ್ತ, ಮಕ್ಕಳಿಗೆ ಬೈಯುತ್ತ, ಬಂದಿಲ್ಲ ಅಂದರೆ ಒಳ್ಳೆಯದೇ ಎಂದುಕೊಳ್ಳುತ್ತ ಇದ್ದರು. ಆಗ ಅವನಿಗೆ ಮೊದಲು ಬಂದದ್ದು ಮರುಕವಲ್ಲ. ಸಿಕ್ಕಿಬಿದ್ದೆ ಎಂಬ ದಿಗಿಲು. ತಲೆಯೆತ್ತಿ ಬಾಗಿಲು ಮುಚ್ಚಿದೆಯೇ ಎಂದು ನೋಡಿದ. ಅಂಥ ಹೊತ್ತಿನಲ್ಲೂ ಮನುಷ್ಯನ ಕಣ್ಣು ಬಾಗಿಲ ಕಡೆ ಹೋಗುತ್ತದೆ.

ಸ್ಕ್ರಿಪ್ಟನ್ನು ಮೊದಲು ತೋರಿಸಿದ ದಿನ ಮೀಟಿಂಗಿನಲ್ಲಿ ಮೇಡಂ ಕೇಳಿದ್ದರು, ಲ್ಯಾಬಿನ ಯಜಮಾನಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು: "ಗ್ರೂಪಲ್ಲಿ ಒಬ್ಬರ ಹತ್ರ ಕೀಲಿ ಇಲ್ಲ ಅಂದ್ರೆ ಏನ್ ಮಾಡುತ್ತೆ ನಿಮ್ಮ ಸ್ಕ್ರಿಪ್ಟು?" ಅವನು ಅದಕ್ಕೇ ಕಾದಿದ್ದ. ಆ ಪ್ರಶ್ನೆ ಬಂದೇ ಬರುತ್ತದೆಂದು ಬಚ್ಚಲಲ್ಲಿ ನಿಂತು ಉತ್ತರವನ್ನು ಹೇಳಿಕೊಂಡು ಹದ ಮಾಡಿದ್ದ. "ಯಾರಿಗೂ ಹೋಗಲ್ಲ ಮೇಡಂ. ಹಾಗೇ ತಡೆದು ಇಡುತ್ತೆ. ಬೆತ್ತಲೆ ಹೋಗೋದಕ್ಕಿಂತ ಹೋಗದೇ ಇರೋದು ಮೇಲಲ್ವಾ?" ಎಲ್ಲರೂ ನಕ್ಕಿದ್ದರು. ಸೂಕ್ಷ್ಮದರ್ಶಕದವನು ಮೇಜು ತಟ್ಟಿದ್ದ. ಮೇಡಂ ಕೂಡ ನಗುತ್ತ, "ತಡೆದಾಗ ನಮಗೆ ಗೊತ್ತಾಗುತ್ತಲ್ವಾ?" ಎಂದರು. "ನನಗೇ ಎಚ್ಚರಿಕೆ ಮೇಲ್ ಬರುತ್ತೆ ಮೇಡಂ. ನಾನಿದೀನಲ್ಲ" ಎಂದ. ಬರುತ್ತಲೂ ಇತ್ತು. ಪರೀಕ್ಷೆಯ ವಾರ ಅವು ದೀಪಕ್ಕೆ ಮುತ್ತುವ ಹುಳುಗಳ ಹಾಗೆ ಬಂದವು, ಊಟಕ್ಕೆ ಕೂತರೆ ಜೇಬಿನಲ್ಲಿ ಗುರ್ರ್, ಮಲಗಿದರೆ ದಿಂಬಿನ ಕೆಳಗೆ ಗುರ್ರ್. ಒಂದು ಸಂಜೆ ಬೇಸತ್ತು ಸ್ಕ್ರಿಪ್ಟಿನಲ್ಲಿ ಎಚ್ಚರಿಕೆ ಕಳಿಸುವ ಒಂದು ಸಾಲಿನ ತಲೆಗೆ ಒಂದು ಗುರುತು ಹಾಕಿ ಅದನ್ನು ಮೂಕ ಮಾಡಿದ. ನಾಳೆ ತೆಗೆದರಾಯಿತು ಎಂದುಕೊಂಡ. ಆಮೇಲೆ ಕೀಲಿ ಮಾಡಿಕೊಳ್ಳಲು ಬಾರದ ಮುದುಕರು, ಬರುವ ಮೇಲ್‌ಗಳನ್ನೆಲ್ಲ ಅನುಮಾನದಿಂದ ನೋಡುವ ಸೊಸೆಯಂದಿರು, ಅಳಿಯಂದಿರು, ಒಬ್ಬೊಬ್ಬರಾಗಿ ತಮ್ಮ ತಮ್ಮ ಗ್ರೂಪನ್ನೇ ನಿಲ್ಲಿಸುತ್ತ ಹೋದರು. ಡಾಕ್ಟರುಗಳು ಕೆಲವರು ಫೋನ್ ಮಾಡಿ ಕೌಂಟರಿನಿಂದ ಪ್ರಿಂಟ್ ತರಿಸಿಕೊಂಡರು. ಕೇಳಿದ ಡಾಕ್ಟರಿಗೆ ಸಿಕ್ಕಿತು. ಕೇಳದವರದು ಇಲ್ಲಿ ಕೂತಿತು.

ಅತ್ತಿಗೆ ಯಾಕೆ ಕೇಳಲಿಲ್ಲ? ಕೇಳುತ್ತಿದ್ದಳಲ್ಲ, ದಿನವೂ, ಅವನನ್ನು.

ಅವನ ಕೈ ಅವಳ ಹೆಸರನ್ನು ಒತ್ತುವಾಗ ಅಕ್ಷರಗಳು ಎರಡೆರಡು ಬಿದ್ದವು. ಇಷ್ಟೊಂದು ಜನರ ನಡುವೆ ತನ್ನವಳನ್ನೇ ಮೊದಲು ಹುಡುಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೊಳ್ಳುತ್ತಲೇ ಹುಡುಕಿದ. ಇಲ್ಲದಿರಲಿ, ಇಲ್ಲದಿರಲಿ. ಇತ್ತು. ತಯಾರಾದ ದಿನದಿಂದ ಅಲುಗಾಡದೆ ಇತ್ತು. ಡಾಕ್ಟರಿಗೆ ಕೀಲಿ ಇದೆ. ಅತ್ತಿಗೆಗೆ ಇದೆ. ಕೀಲಿ ಇಲ್ಲದವರು ಒಬ್ಬರು ಎಂದು ತೋರಿಸುತ್ತ ಕೆಳಗೆ ಆ ಒಬ್ಬರ ವಿಳಾಸವಿತ್ತು. ಅವನು ಅದನ್ನು ಒಮ್ಮೆ ಓದಿದ, ಅರ್ಥವಾಗಲಿಲ್ಲ. ತನ್ನ ಹೆಸರನ್ನೇ ಬೇರೆಯವರ ಬಾಯಲ್ಲಿ ಕೇಳಿದಾಗ ಒಂದು ಕ್ಷಣ ಯಾರದೋ ಎನಿಸುತ್ತದಲ್ಲ, ಹಾಗೆ. ಆಮೇಲೆ ಅದು ಅವನದೇ ಆಯಿತು. ಊರಿಗೆಲ್ಲ ಕೀಲಿ ಹಂಚಿದವನು ತನಗೊಂದು ಮಾಡಿಕೊಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಇಷ್ಟು ವರ್ಷ ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದನೋ.

ಬಂದಿತ್ತು ಅವನಿಗೂ, 'ದಯವಿಟ್ಟು ನಿಮ್ಮ ಕೀಲಿ ಮಾಡಿಕೊಳ್ಳಿ' ಎಂಬ ಮೇಲ್. ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನೇತಾಡುತ್ತಿದ್ದ. ಯಾರದೋ ಛತ್ರಿಯ ತುದಿ ಮೊಣಕಾಲಿಗೆ ತಿವಿಯುತ್ತಿತ್ತು. ಫೋನು ಗುರ್ರ್ ಎಂದಾಗ ಒಂದೇ ಕೈಯಲ್ಲಿ ತೆಗೆದು ನೋಡಿದರೆ ತಾನೇ ಬರೆದ ಒಕ್ಕಣೆ. 'ದಯವಿಟ್ಟು' ಒಂದನ್ನು ಕೌಂಟರಿನವಳ ಮಾತಿನ ಮೇಲೆ ಸೇರಿಸಿದ್ದ. ಪರೀಕ್ಷೆಗೆಂದು ತನಗೆ ತಾನೇ ಲೆಕ್ಕವಿಲ್ಲದಷ್ಟು ಸಲ ಅದನ್ನು ಕಳಿಸಿಕೊಂಡಿದ್ದವನು ಇದೂ ಅಂಥದ್ದೇ ಒಂದು ಎಂದುಕೊಂಡು ಹೆಬ್ಬೆರಳಿನಿಂದ ಸೊಳ್ಳೆ ಒರೆಸಿದಂತೆ ಒರೆಸಿಹಾಕಿದ. ಬೇರೆ ಯಾರಾಗಿದ್ದರೂ, ಆ ದರ್ಜಿ ಮುದುಕನೇ ಆಗಿದ್ದರೂ, ಇದೇನೆಂದು ಒಂದು ಸಲ ತೆರೆದು ನೋಡುತ್ತಿದ್ದ. ನೋಡಬೇಕಾಗಿಲ್ಲ ಎಂಬ ಧೈರ್ಯ ಇಡೀ ಊರಿನಲ್ಲಿ ಒಬ್ಬನಿಗೆ ಮಾತ್ರ ಇತ್ತು.

ರಿಪೋರ್ಟು ಅಲ್ಲೇ ಇತ್ತು, ಬೆರಳಿನ ಅಡಿಯಲ್ಲಿ. ಬೀಗ ಬೀಳುವುದು ಹೊರಡುವ ಗಳಿಗೆಯಲ್ಲಿ. ತಡೆದಿಟ್ಟದ್ದಕ್ಕೆ ಇನ್ನೂ ಬೀಗವಿಲ್ಲ. ಅವನು ತೆರೆಯಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತಿಗೆಯ ಕುತ್ತಿಗೆಯೊಳಗೆ ಏನಿದೆ ಎಂಬುದನ್ನು ಅತ್ತಿಗೆಗಿಂತ ಮೊದಲು ಅವನು ತಿಳಿಯಬಹುದಿತ್ತು. ಅವಳು ಆ ಮನೆಗೆ ಬಂದ ಹೊಸತರಲ್ಲಿ ಅವನು ಇನ್ನೂ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ, ಶಾಲೆಗೆ ಹೋಗುವ ವಯಸ್ಸಿನಲ್ಲೂ. ಅಮ್ಮ ತೀರಿಕೊಂಡ ವರ್ಷದಿಂದ ಶುರುವಾಗಿತ್ತು. ಅಣ್ಣನಿಗೆ ಗೊತ್ತಾದರೆ ಬೆಲ್ಟು. ಅತ್ತಿಗೆ ಎಲ್ಲರಿಗಿಂತ ಮೊದಲು ಎದ್ದು, ಒಂದು ಮಾತೂ ಆಡದೆ, ಅವನನ್ನು ಪಕ್ಕಕ್ಕೆ ಉರುಳಿಸಿ ಹಾಸು ಎಳೆದುಕೊಂಡು ಹೋಗಿ ಒಗೆದು ಮಹಡಿಯ ತಂತಿಯ ಮೇಲೆ ಹಾಕುತ್ತಿದ್ದಳು. "ಬೆಳಿಗ್ಗೇನೇ ಯಾಕೆ ಹಾಸು ಒಗೆದಿದೀಯ?" ಎಂದು ಅಣ್ಣ ಕೇಳಿದರೆ, "ಬೆಕ್ಕು ಹಾಲು ಚೆಲ್ಲಿಬಿಡ್ತು." "ಯಾವ ಬೆಕ್ಕು? ನಮ್ಮನೇಲಿ ಬೆಕ್ಕೆಲ್ಲಿದೆ?" "ಬಂದು ಹೋಗುತ್ತೆ. ನೀವೆಲ್ಲಿ ಮನೇಲಿರ್ತೀರಿ ನೋಡೋಕೆ." ಆ ಇಲ್ಲದ ಬೆಕ್ಕು ಎರಡು ವರ್ಷ ಆ ಮನೆಯಲ್ಲಿ ಸುಖವಾಗಿ ಬಾಳಿತು. ಅವನಿಗೆ ವಾಸಿಯಾದ ಮೇಲೆ ಅದೂ ಬರುವುದು ಬಿಟ್ಟಿತು. ಅವಳು ಆ ಮಾತನ್ನು ಮತ್ತೆ ಯಾವತ್ತೂ, ತಮಾಷೆಗೂ, ಎತ್ತಲಿಲ್ಲ. ಗುಟ್ಟು ಕಾಯುವುದೆಂದರೆ ಏನೆಂದು ಅವನು ಎಲ್ಲೋ ಕಲಿತಿದ್ದರೆ ಅಲ್ಲಿ ಕಲಿತಿದ್ದ. ಕಲಿತು, ಅದರಿಂದ ಸ್ಕ್ರಿಪ್ಟ್ ಬರೆದು, ಮೀಟಿಂಗಿನಲ್ಲಿ ಬೆತ್ತಲೆಯ ಜೋಕು ಹೇಳಿದ್ದ. ಅವನು ತೆರೆಯಲಿಲ್ಲ. ಒಳ್ಳೆಯತನದಿಂದಲ್ಲ. ಹೆದರಿಕೆಯಿಂದ.

ಕೀಲಿ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು? ಟೀ ಆರುವಷ್ಟು ಹೊತ್ತೂ ಬೇಡ. ಪಾಸ್‌ವರ್ಡ್ ಕೇಳಿತು, ಯಾರೂ ಊಹಿಸಲಾಗದ್ದನ್ನು ಕೊಡಿ ಎಂದಿತು, ಅವನದೇ ಮಾತಿನಲ್ಲಿ. ಅತ್ತಿಗೆಯನ್ನು ತವರಿನಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಕೈಗೆ ಬಂತು, ಒತ್ತಿದ. ಕೀಲಿ ಹುಟ್ಟಿದ ಕೂಡಲೇ ತಡೆದದ್ದು ತಾನಾಗಿ ಹೊರಡಬೇಕೆಂದು ಬರೆದವನೂ ಅವನೇ. ಅತ್ತಿಗೆಯ ಹೆಸರು ಪರದೆಯಿಂದ ಮಾಯವಾಯಿತು, ಅವನ ಜೇಬಿನಲ್ಲಿ ಫೋನು ಗುರ್ರ್ ಎಂದಿತು. ಅದನ್ನು ಹೊರಗೆ ತೆಗೆಯಲಿಲ್ಲ. ಈಗ ಇಲ್ಲಿಗೇ ನಿಲ್ಲಿಸಬಹುದು ಎಂದು ಒಳಗೊಬ್ಬ ಪಿಸುಗುಟ್ಟಿದ. ಒಬ್ಬೊಬ್ಬರದನ್ನೇ, ದಿನಕ್ಕಿಷ್ಟು, ಸದ್ದಿಲ್ಲದೆ ಬಿಡು. ಯಾರು ತಾನೇ ತಾರೀಖು ನೋಡುತ್ತಾರೆ? ಆ ಪಿಸುಮಾತಿಗೆ ಅವನು ಕಿವಿಗೊಟ್ಟು ಕೂತ. ಎಷ್ಟು ಹೊತ್ತೋ. ಹೊರಗೆ ದರ್ಜಿ ಮುದುಕ ಕೆಮ್ಮಿದ. ಸುಮ್ಮನೆ ಕೆಮ್ಮಿದ್ದಿರಬೇಕು, ಒಳಗೆ ಕೂತವನ ಬೆನ್ನಿಗೆ ಯಾರೋ ಗುದ್ದಿದಂತಾಯಿತು.

ತಿದ್ದಬೇಕಾದದ್ದು ಒಂದೇ ಸಾಲು. ಒಬ್ಬನ ಹತ್ತಿರ ಕೀಲಿ ಇಲ್ಲದಿದ್ದರೆ ಅವನೊಬ್ಬನನ್ನು ಬಿಡು, ಉಳಿದವರಿಗೆ ಬೀಗ ಹಾಕಿ ಕಳಿಸು. ಅಷ್ಟೇ. ಯಾರೂ ಬೆತ್ತಲೆ ಹೋಗಬೇಕಾಗಿರಲಿಲ್ಲ. ಅವನಿಗೆ ಆ ದಿನವೂ ಇದು ಗೊತ್ತಿತ್ತು. ಬರೆಯುವಾಗಲೇ ಕಣ್ಣ ಮುಂದೆ ಎರಡೂ ದಾರಿಗಳಿದ್ದವು. ಆದರೆ ಈ ದಾರಿಗೆ ಒಳ್ಳೆಯ ಮಾತು ಸಿಗಲಿಲ್ಲ, ಆ ದಾರಿಗೆ ಸಿಕ್ಕಿತ್ತು. ಒಂದು ಮಾತು ಚೆಂದ ಇದೆಯೆಂದು, ಅದಕ್ಕೆ ಜನ ನಗುತ್ತಾರೆಂದು, ಅದು ಉಳಿಯಲೆಂದು, ಅವನು ನಿಯಮವನ್ನೇ ಹಾಗೆ ಮಾಡಿದ್ದ. ಈಗ ತಿದ್ದಿದ. ಮೂಕವಾಗಿದ್ದ ಸಾಲಿನ ತಲೆಯ ಮೇಲಿನ ಗುರುತನ್ನು ತೆಗೆದ. ಸ್ಕ್ರಿಪ್ಟನ್ನು ಓಡಿಸಿದ. ಹೆಸರುಗಳು ಕೆಳಗಿನಿಂದ ಕರಗತೊಡಗಿದವು. ಒಂದೂವರೆ ತಿಂಗಳ ಸುದ್ದಿ ಒಂದೇ ಉಸಿರಿಗೆ ಊರಿನ ಮೇಲೆ ಬೀಳುತ್ತಿತ್ತು. ಯಾರೋ ಈಗ ತರಕಾರಿ ಹೆಚ್ಚುತ್ತ ಫೋನಿನ ಕಡೆ ನೋಡುತ್ತಾರೆ. ಯಾರೋ ಕೈ ಒರೆಸಿಕೊಳ್ಳುತ್ತಾರೆ. ಕೊನೆಯ ಹೆಸರು ಹೋದ ಮೇಲೆ ಪರದೆ ಬರಿದಾಗಿ, ಅದರಲ್ಲಿ ಅವನ ಮುಖ ಮಾತ್ರ ಉಳಿಯಿತು. ಎದ್ದು ಮೇಡಂ ಕೋಣೆಗೆ ಹೋಗುವಷ್ಟರಲ್ಲಿ ಕೌಂಟರಿನ ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದ್ದವು.

ಅವನು ಹೇಳಿದ್ದನ್ನೆಲ್ಲ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. ಎಲ್ಲ ಎಂದರೆ ಎಲ್ಲವನ್ನೂ ಹೇಳಿರಲಿಲ್ಲ. ಅತ್ತಿಗೆಯ ವಿಷಯ ಬಿಟ್ಟಿದ್ದ. ಅವರು ಕೂಗಾಡುತ್ತಾರೆ, ಕೆಲಸದಿಂದ ಹೊರಗೆ ದಬ್ಬುತ್ತಾರೆ ಎಂದುಕೊಂಡಿದ್ದ. ಅದಕ್ಕೆ ಮೈ ಒಡ್ಡಿ ನಿಂತಿದ್ದ ಎಂದರೂ ಸರಿ.

"ಯಾರಿಗಾದ್ರೂ ಹೇಳಿದೀರಾ?" ಎಂದರು.

"ಇಲ್ಲ ಮೇಡಂ."

"ಹೇಳ್ಬೇಡಿ. ಸಿಸ್ಟಮ್ ತೊಂದರೆ ಆಗಿತ್ತು, ಈಗ ಸರಿಯಾಯ್ತು. ಅಷ್ಟೇ. ಕೌಂಟರ್ ಹುಡುಗೀಗೂ ಅಷ್ಟೇ ಹೇಳಿ."

"ನನ್ನಿಂದ ಆಗಿದ್ದು ಮೇಡಂ, ಸಿಸ್ಟಮ್ ಏನ್ ಮಾಡುತ್ತೆ ಪಾಪ..."

"ನೀವು ಈಗ ಸತ್ಯವಂತರಾಗೋಕೆ ಹೋದ್ರೆ ಲ್ಯಾಬ್ ಮುಚ್ಚಬೇಕಾಗುತ್ತೆ. ಮುಖ ತೊಳ್ಕೊಂಡು ಹೋಗಿ ಕೂತ್ಕೊಳ್ಳಿ."

ಅವನ ಎದೆಯಿಂದ ಒಂದು ಭಾರ ಇಳಿಯಿತು. ಇಳಿಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೊರಗೆ ಬಂದರೆ ದರ್ಜಿ ಮುದುಕನ ಕೈಯಲ್ಲಿ ಆಗಲೇ ರಿಪೋರ್ಟಿನ ಪ್ರಿಂಟ್ ಇತ್ತು. ಮುದುಕ ಕಾಗದವನ್ನು ಬಟ್ಟೆಯ ನೇಯ್ಗೆ ನೋಡುವವನ ಹಾಗೆ ಬೆಳಕಿಗೆ ಹಿಡಿದಿದ್ದ. "ಬಂದ್ರಾ? ನೀವು ಒಳಗೆ ಹೋದ್ಮೇಲೆ ಸಿಕ್ತು ನೋಡಿ. ಪುಣ್ಯ ಕಟ್ಕೊಂಡ್ರಿ. ಒಂಚೂರು ಓದಿ ಹೇಳಿ, ನನ್ನ ಕನ್ನಡಕ ಅಂಗಡೀಲಿ ಬಿಟ್ಟು ಬಂದಿದೀನಿ. ಒಳ್ಳೇದೇನಪ್ಪಾ?"

ಅವನು ಓದಿದ. ಅತ್ತಿಗೆಯದನ್ನು ಓದಲಾರದ ಕಣ್ಣು ಮುದುಕನ ಹೆಂಡತಿಯದನ್ನು ಓದಿತು. ಇಷ್ಟು ವರ್ಷ ಲ್ಯಾಬಿನಲ್ಲಿದ್ದು ಕೆಲವು ಪದಗಳು ಅವನಿಗೂ ಗೊತ್ತಾಗುತ್ತಿದ್ದವು. "ಒಳ್ಳೇದೇ ಬಿಡಿ" ಎಂಬ ಹಳೆಯ ಚಪ್ಪಲಿ ಬಾಯಿಯ ಹೊಸ್ತಿಲವರೆಗೆ ಬಂತು. ಮೆಟ್ಟಿಕೊಳ್ಳಲಾಗಲಿಲ್ಲ. "ಡಾಕ್ಟರಿಗೆ ತೋರಿಸಿ ತಾತಾ" ಎಂದ. "ಇವತ್ತೇ. ಈಗಲೇ ಹೋಗಿ."

ಮುದುಕ ಅವನ ಮುಖ ನೋಡಿದ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಉಗುರಿನಿಂದ ಮಡಿಕೆ ತೀಡಿ, ಅಂಗಿಯ ಒಳಜೇಬಿಗೆ ಇಳಿಸಿ, ಬಾಗಿಲ ಕಡೆ ನಡೆದ.

ಅವನೂ ನಡೆದ. ಮುಖ ತೊಳೆಯಲಿಲ್ಲ, ಕುರ್ಚಿಯಲ್ಲಿ ಕೂರಲಿಲ್ಲ. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ಮನೆಯವರೆಗೂ ನಡೆದೇ ಹೋದ. ನಡು ಹಗಲು, ಪಾದಚಾರಿಗಳ ನೆರಳು ಪಾದದಡಿಗೇ ಬಿದ್ದಿತ್ತು. ಗಾಜಿನಂಗಡಿಗಳ ಮುಂದೆ ಹೋಗುವಾಗ ಪ್ರತಿ ಗಾಜಿನಲ್ಲೂ ಯಾರೋ ಅವಸರದ ಮನುಷ್ಯ ತನ್ನ ಜೊತೆ ಹೆಜ್ಜೆ ಹಾಕುತ್ತಿದ್ದ. ಜೇಬಿನಲ್ಲಿ ಫೋನು ತೊಡೆಗೆ ತಾಗುತ್ತಿತ್ತು. ಅದರೊಳಗೆ ಅದು ಇತ್ತು. ಏನೆಂದು ಶುರು ಮಾಡುವುದು? ಅತ್ತಿಗೆ, ನಿಮಗೊಂದು ವಿಷಯ ಹೇಳಬೇಕು. ಅತ್ತಿಗೆ, ಮೊದಲು ಕೂತ್ಕೊಳ್ಳಿ. ಮೂರನೆಯದಕ್ಕೆ ತಡಕುವಾಗ ಅವನು ಸಟ್ಟನೆ ನಿಂತ. ಮತ್ತೆ ಮಾತನ್ನು ಹದ ಮಾಡುತ್ತಿದ್ದೇನೆ, ಬಚ್ಚಲಲ್ಲಿ ಮಾಡಿದ ಹಾಗೆ. ಹಿಂದೆ ಬರುತ್ತಿದ್ದವನು ಡಿಕ್ಕಿ ಹೊಡೆದು, "ರಸ್ತೆ ನಿಮ್ಮಪ್ಪಂದಾ?" ಎಂದು ಬೈದು ಹೋದ. ಬೈದದ್ದು ಹಿತವಾಯಿತು. ಇನ್ನೆರಡು ಬೈಯಲಿ ಎನಿಸಿತು.

ಅತ್ತಿಗೆ ಬಾಗಿಲು ತೆರೆದುಕೊಂಡು ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹೊರಗೆ ಹೋಗುವ ಬಟ್ಟೆ, ಕಾಲಲ್ಲಿ ಚಪ್ಪಲಿ, ಮಡಿಲಲ್ಲಿ ಕೈಚೀಲ. ಕುತ್ತಿಗೆಗೆ ಸುತ್ತಿದ್ದ ಬಟ್ಟೆ ತೆಗೆದು ಹಾಕಿದ್ದಳು. ಹಗಲು ಬೆಳಕಿನಲ್ಲಿ ಅವನು ಆ ಗಂಟನ್ನು ಮೊದಲ ಸಲ ನೋಡಿದ.

"ಬಂದ್ಯಾ. ನೀನು ಬರ್ತೀಯ ಅಂತ ಕೂತಿದ್ದೆ" ಎಂದಳು. "ಡಾಕ್ಟರು ಫೋನ್ ಮಾಡಿದ್ರು. ಈಗ ತಾನೇ ಬಂತಂತೆ. ಇವತ್ತೇ ಬನ್ನಿ, ಒಬ್ಬರೇ ಬರ್ಬೇಡಿ ಅಂದ್ರು." ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ, "ನಿಮ್ಮಣ್ಣಂಗೂ ಹೇಳ್ದೆ. ಹೊರಟಿದಾರೆ."

ಅಣ್ಣನಿಗೆ ಹೇಳಿದಳು ಎಂಬುದರಿಂದ ಅವನಿಗೆ ಎಲ್ಲ ತಿಳಿಯಿತು. ಇನ್ನು ಫೋನು ತೆರೆದು ಓದಬೇಕಾದದ್ದು ಏನೂ ಇರಲಿಲ್ಲ.

"ಇಷ್ಟು ದಿನ ಎಲ್ಲಿತ್ತು ಅಂತ ಕೇಳ್ದೆ ಡಾಕ್ಟರನ್ನ. ನನಗೂ ಗೊತ್ತಿಲ್ಲಮ್ಮ, ಎಲ್ಲೋ ಕೂತಿತ್ತು ಅಂದ್ರು."

"ನನ್ನ ಹತ್ರ ಅತ್ತಿಗೆ" ಎಂದ. ಮಾತು ಹದವಾಗಿರಲಿಲ್ಲ, ಒಡೆದು ಬಂತು. "ನನ್ನ ಹತ್ರಾನೇ ಕೂತಿತ್ತು. ನಿಮ್ಮದಕ್ಕೆ ಅಡ್ಡ ಕೂತಿದ್ದೋನು ನಾನೇ. ನಾನೊಂದು ಕೀಲಿ ಮಾಡ್ಕೊಳ್ಳಿಲ್ಲ, ಅದಕ್ಕೆ ಯಾರಿಗೂ ಹೋಗ್ಲಿಲ್ಲ. ನೀವು ದಿನಾ ಕೇಳ್ತಿದ್ರಿ. ನಾನು ದಿನಾ..."

ಅವಳು ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀನು ಒಳ್ಳೇದೇ ಅಂತಿದ್ದೆಯಲ್ಲ, ಅದನ್ನ ನಾನೇನು ನಂಬಿರಲಿಲ್ಲ ಕಣೋ" ಎಂದಳು. "ಒಳಗೆ ಬೆಳೀತಿರೋದು ನನಗೆ ಗೊತ್ತಾಗಲ್ವಾ? ನೀನು ಹೇಳುವಾಗ ಹೂಂ ಅಂತಿದ್ದೆ. ನಿನ್ನ ಮುಖ ನೋಡಿ." ಆಮೇಲೆ ಅವನ ಮುಖ ನೋಡಲಿಲ್ಲ.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಲಾರಿಯ ಗದ್ದಲದ ಮೇಲೆ ಅಣ್ಣ ಕೂಗಿ ಮಾತಾಡುವುದು ಅವನಿದ್ದಲ್ಲಿಗೂ ಕೇಳಿಸುತ್ತಿತ್ತು. ಒಂದೂವರೆ ತಿಂಗಳು ಕತ್ತೆ ಕಾಯ್ತಿದ್ರಾ ಎಲ್ಲಾರೂ? ಇವನು 'ಅಲ್ಲೇ' ಕೆಲಸ ಮಾಡ್ತಾನಲ್ಲ, ಇವನಿಗೆ ಗೊತ್ತಾಗ್ಲಿಲ್ವಾ? ಯಾರ ತಪ್ಪು ಇದು, ಯಾರು ಕೂತ್ಕೊಂಡಿದ್ರು ಇದರ ಮೇಲೆ? ಅವನು ಕೈ ಚಾಚಿದ. ಫೋನು ಕೊಡಿ, ನಾನೇ ಹೇಳ್ತೀನಿ ಎಂದು ಕೈ ಚಾಚಿದ. ಅತ್ತಿಗೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಯಾರ ತಪ್ಪೂ ಅಲ್ಲ ರೀ" ಎಂದಳು. "ಬೆಕ್ಕು ಹೊತ್ಕೊಂಡು ಹೋಗಿತ್ತೋ ಏನೋ. ನೀವು ನಿಧಾನಕ್ಕೆ ಓಡಿಸ್ಕೊಂಡು ಬನ್ನಿ."

ಅವನ ತೊಡೆಗಳ ನಡುವೆ ಏನೋ ಬೆಚ್ಚಗೆ, ಆಮೇಲೆ ತಣ್ಣಗೆ ಹರಿದ ಹಾಗೆ ಆಯಿತು. ಕೆಳಗೆ ನೋಡಿಕೊಂಡ. ಏನೂ ಇರಲಿಲ್ಲ. ಅವಳು ಎದ್ದು, ಗೋಡೆ ಹಿಡಿದುಕೊಂಡು, "ನಡಿ. ಬೀಗ ಹಾಕು" ಎಂದು ಬೀಗವನ್ನೂ ಅದರ ಕೈಯನ್ನೂ ಅವನ ಅಂಗೈಗೆ ಹಾಕಿದಳು. ಅವನು ಬಾಗಿಲೆಳೆದು ಬೀಗ ಸಿಕ್ಕಿಸಿ ಒತ್ತಿದ, ಪಕ್ಕಕ್ಕೆ ಸರಿದು ನಿಂತ. ಅವಳು ಬಂದು ಎರಡು ಸಲ ಜಗ್ಗುತ್ತಾಳೆಂದು ಕಾದ. ಅವಳು ತಿರುಗಿ ನೋಡದೆ ಆಗಲೇ ಮೆಟ್ಟಿಲಿಳಿಯುತ್ತಿದ್ದಳು, ಒಂದೊಂದೇ ಕಾಲನ್ನು ಕೂಡಿಸಿ ಇಡುತ್ತ. "ಅತ್ತಿಗೆ, ಬೀಗ" ಎಂದ. "ಹಾಕಿದ್ಯಲ್ಲ. ಬಾರೋ, ಹೊತ್ತಾಯ್ತು" ಎಂಬ ದನಿ ಕೆಳಗಿನ ತಿರುವಿನಿಂದ ಬಂತು.

ಅವನು ಎರಡು ಮೆಟ್ಟಿಲು ಇಳಿದವನು ಮತ್ತೆ ಮೇಲೆ ಹತ್ತಿ, ತಾನೇ ಒಂದು ಸಲ ಜಗ್ಗಿದ. ಬೀಗ ಬಾಯಿ ಬಿಟ್ಟು ಅವನ ಕೈಯಲ್ಲೇ ಬಂತು.